ಥರ್ಮಾಕೋಲ್, ತಗಡು ಮತ್ತು ಪಂಚಮಿಯ ಜೋಕಾಲಿ

ಕಳೆದ ವಾರ ಅಣ್ಣಿಗೇರಿ ಹತ್ತಿರದ ನಮ್ಮ ದೊಡ್ಡಪ್ಪನ ಹೊಲದ ಮೇಲೆ ಡ್ರೋನ್ ಗಿರಕ್ಕನೆ ಎಡಕ್ಕೆ ತಿರುಗಿತು. ಲ್ಯಾಪ್‌ಟಾಪ್ ಪರದೆಯಲ್ಲಿ ರಾಡಾರ್ ಇಟ್ಟ ಹಸಿರು ಚುಕ್ಕೆ, ಕ್ಯಾಮೆರಾ ತೋರಿಸುತ್ತಿದ್ದ ಕರೆಂಟ್ ಕಂಬದ ಮೇಲೆ ಕುಳಿತದ್ದು ಕುಳಿತೇ ಇತ್ತು. ಡ್ರೋನ್ ತಿರುಗಿದರೂ ಕಂಬ ಬಿಟ್ಟು ಜಾರಲಿಲ್ಲ. ಬದುವಿನ ಮೇಲೆ ನಿಂತು ನೋಡುತ್ತಿದ್ದ ದೊಡ್ಡಪ್ಪ, "ಇಷ್ಟಕ್ಕಾಗಿಯೇ ಏನವ್ವಾ, ಐದು ತಿಂಗಳು ಓಡಾಡಿದ್ದು?" ಎಂದು ಕೇಳಿದರು. ಇಷ್ಟಕ್ಕಾಗಿಯೇ.

ಆ ಐದು ತಿಂಗಳಲ್ಲಿ ಗಣಿತಕ್ಕೆ ಹೋದದ್ದು ಹೆಚ್ಚೆಂದರೆ ನಾಲ್ಕು ದಿನ. ಉಳಿದದ್ದೆಲ್ಲ ಗೋಂದು, ತಗಡು, ಬಿಸಿಲು, ಗಡಿಯಾರ, ಎರೆ ಮಣ್ಣು ಮತ್ತು ಕಾಗದಪತ್ರಗಳಿಗೆ ಹೋಯಿತು. ಓದಿಕೊಂಡಿದ್ದ ಪ್ರಬಂಧಗಳಲ್ಲಿ ಇವು ಯಾವುದರ ಸುದ್ದಿಯೂ ಇರಲಿಲ್ಲ. ಡ್ರೋನ್‌ನ ರಾಡಾರ್ ಮತ್ತು ಕ್ಯಾಮೆರಾಗಳನ್ನು ಒಂದಕ್ಕೊಂದು ಹೊಂದಿಸುವ, ಅಂದರೆ ಕ್ಯಾಲಿಬ್ರೇಷನ್ ಮಾಡುವ, ಇದೇ ದಾರಿ ಹಿಡಿಯುವವರು ನಾವು ಬಿದ್ದ ಗುಂಡಿಗಳಲ್ಲಾದರೂ ಬೀಳದಿರಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾವು ಮೂವರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು, ಬೆಳೆಗೆ ಔಷಧ ಸಿಂಪಡಿಸುವ ಡ್ರೋನ್ ಕಟ್ಟುತ್ತಿದ್ದೇವೆ. ಹೊಲದ ಅಂಚಿನ ಕಂಬ, ಬೇವಿನ ಮರ, ಪಂಪ್‌ಸೆಟ್ ಕೋಣೆ ಇವುಗಳನ್ನು ಡ್ರೋನ್ ತಾನೇ ಕಂಡು ನಿಲ್ಲಬೇಕು. ಕ್ಯಾಮೆರಾಗೆ ಎದುರಿಗಿರುವುದು ಏನೆಂದು ಗೊತ್ತಾಗುತ್ತದೆ, ಎಷ್ಟು ದೂರದಲ್ಲಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಇಳಿಬಿಸಿಲು ಎದುರಾದರೆ ಅದೂ ಕುರುಡು. ರಾಡಾರ್‌ಗೆ ದೂರವೂ ವೇಗವೂ ಚೆನ್ನಾಗಿ ಗೊತ್ತು, ಧೂಳಿಗಾಗಲಿ ಔಷಧದ ತುಂತುರಿಗಾಗಲಿ ಅದು ಹೆದರುವುದಿಲ್ಲ. ಆದರೆ ಎದುರಿಗಿರುವುದು ಕಂಬವೋ ಎಮ್ಮೆಯೋ ಎಂದು ಕೇಳಿದರೆ ಸುಮ್ಮನಿರುತ್ತದೆ. ಇಬ್ಬರನ್ನೂ ಕೂಡಿಸಿದರೆ ಕೆಲಸವಾದೀತು. ಕೂಡಿಸಬೇಕಾದರೆ ರಾಡಾರ್ ಕಂಡ ಜಾಗ ಕ್ಯಾಮೆರಾ ಚಿತ್ರದ ಯಾವ ಪಿಕ್ಸೆಲ್‌ನಲ್ಲಿದೆ ಎಂದು ತಿಳಿಯಬೇಕು. ಅದೇ ಈ ಕ್ಯಾಲಿಬ್ರೇಷನ್. ಬೇಕಾದದ್ದು ಬರೀ ಆರು ಸಂಖ್ಯೆ: ಒಂದಕ್ಕಿಂತ ಇನ್ನೊಂದು ಮೂರು ದಿಕ್ಕಿನಲ್ಲಿ ಎಷ್ಟು ಸರಿದಿದೆ, ಮೂರು ಅಕ್ಷಗಳ ಸುತ್ತ ಎಷ್ಟು ಓರೆಯಾಗಿದೆ.

ಮಾರ್ಚ್ ಕೊನೆಗೆ ವಿದೇಶದಿಂದ ರಾಡಾರ್ ಬೋರ್ಡ್ ತರಿಸಿದೆವು. ಅದು ಸುಂಕದ ಕಟ್ಟೆಯಲ್ಲಿ ಮೂರು ವಾರ ಕುಳಿತಿತು. ರೇಡಿಯೋ ತರಂಗ ಹೊರಡಿಸುವ ಯಾವ ವಸ್ತುವಾದರೂ "ಇದು ಯಾವ ಆವರ್ತನ ಪಟ್ಟಿಯಲ್ಲಿ (ಬ್ಯಾಂಡ್) ಎಷ್ಟು ಶಕ್ತಿಯಲ್ಲಿ ಕೆಲಸ ಮಾಡುತ್ತದೆ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೋರ್ಡಿನ ತಾಂತ್ರಿಕ ವಿವರದ ಪುಟ, ಸ್ಟಾರ್ಟ್‌ಅಪ್ ಮಾನ್ಯತೆಯ ಪ್ರಮಾಣಪತ್ರ, ಸಂಶೋಧನೆಗಾಗಿ ಒಂದೇ ಒಂದು ತರಿಸುತ್ತಿದ್ದೇವೆ ಎಂಬ ಪತ್ರ, ಜಿಎಸ್‌ಟಿ ಸಂಖ್ಯೆ ಇವನ್ನೆಲ್ಲ ಆರ್ಡರ್ ಮಾಡುವ ಮೊದಲೇ ಒಂದು ಕಡತದಲ್ಲಿ ಸಿದ್ಧವಾಗಿಟ್ಟುಕೊಳ್ಳಿ. ನಾವು ಒಂದೊಂದಾಗಿ ಕಳುಹಿಸಿದೆವು; ಪ್ರತಿ ಕಾಗದಕ್ಕೂ ನಾಲ್ಕು ದಿನದ ಮೌನ ಸಿಕ್ಕಿತು. ಬೋರ್ಡ್, ಸುಂಕ, ಸಾಗಣೆ ಎಲ್ಲ ಸೇರಿ ನಮಗೆ ಬಿದ್ದದ್ದು 34,000 ರೂಪಾಯಿ. ರಾಡಾರ್ ಅನ್ನು 76ರಿಂದ 77 ಗಿಗಾಹರ್ಟ್ಸ್ ಒಳಗೇ ಇಟ್ಟುಕೊಂಡೆವು. ನಮ್ಮ ದೇಶದಲ್ಲಿ ವಾಹನಗಳ ಕಡಿಮೆ ಶಕ್ತಿಯ ರಾಡಾರ್‌ಗೆ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟಿರುವ ಪಟ್ಟಿ ಅದು. ಡ್ರೋನ್‌ಗೆ ಬಳಸುವವರು ವೈರ್‌ಲೆಸ್ ಇಲಾಖೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. 1 ಗಿಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ, ಒಂದರ ಹಿಂದೊಂದು ನಿಂತ ಎರಡು ವಸ್ತುಗಳ ನಡುವೆ 15 ಸೆಂ.ಮೀ. ಅಂತರವಿದ್ದರೆ ಮಾತ್ರ ರಾಡಾರ್ ಅವನ್ನು ಎರಡೆಂದು ಗುರುತಿಸುತ್ತದೆ. ಕಂಬಕ್ಕೆ ಅಷ್ಟು ಸಾಕು.

ಬೋರ್ಡ್ ಬರುವತನಕ ಕ್ಯಾಮೆರಾ ಕೆಲಸ ಮುಗಿಸೋಣ ಎಂದುಕೊಂಡೆವು. ಕಪ್ಪು ಬಿಳುಪಿನ ಚೌಕಳಿ ಹಲಗೆಯನ್ನು ನಾನಾ ಕೋನಗಳಲ್ಲಿ ಹಿಡಿದು ಚಿತ್ರ ತೆಗೆದರೆ ಓಪನ್‌ಸಿವಿ ತಂತ್ರಾಂಶ ಲೆನ್ಸಿನ ನಾಭಿದೂರ, ಅಂಚಿನ ಬಾಗು ಎಲ್ಲವನ್ನೂ ಲೆಕ್ಕ ಹಾಕಿಕೊಡುತ್ತದೆ. ಇದರ ಹಿಂದಿರುವ ವಿಧಾನವನ್ನು ಝೆಂಗ್‌ಯೂ ಝಾಂಗ್ 2000ದಲ್ಲಿ ಪ್ರಕಟಿಸಿದರು. ಚೌಕಳಿಯ ಒಂದು ಮನೆ 30 ಮಿ.ಮೀ. ಇರಲಿ ಎಂದು ಹೇಳಿ ಮುದ್ರಿಸಿ ತಂದೆವು. ಫಲಿತಾಂಶ ಸೊಗಸಾಗಿತ್ತು, ತಪ್ಪು ಕಾಲು ಪಿಕ್ಸೆಲ್‌ಗಿಂತ ಕಡಿಮೆ. ಎರಡು ವಾರ ಅದನ್ನೇ ನಂಬಿಕೊಂಡು ಕುಳಿತಿದ್ದೆವು. ಆಮೇಲೆ ಒಂದು ದಿನ ಲೇಸರ್ ಟೇಪ್ ಹಿಡಿದು ನೋಡಿದರೆ, 10 ಮೀಟರ್ ದೂರದ ಹಲಗೆ 10.5 ಮೀಟರ್‌ನಲ್ಲಿದೆ ಎಂದು ಕ್ಯಾಮೆರಾ ಹೇಳುತ್ತಿತ್ತು! ಮುದ್ರಿಸುವ ಹುಡುಗ ಕಾಗದದೊಳಗೆ ಹಿಡಿಸಲೆಂದು ಚಿತ್ರವನ್ನು ಸ್ವಲ್ಪ ಕುಗ್ಗಿಸಿದ್ದ. ಮನೆ 30ರ ಬದಲು 28.5 ಮಿ.ಮೀ. ಆಗಿತ್ತು. ಇದರಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಚೌಕದ ಅಳತೆ ತಪ್ಪಿದರೂ ಲೆನ್ಸಿನ ಸಂಖ್ಯೆಗಳು ಸರಿಯಾಗಿಯೇ ಬರುತ್ತವೆ. ಕೆಡುವುದು ದೂರ ಮಾತ್ರ. ಮುದ್ರಣ ಕೈಗೆ ಬಂದ ಕೂಡಲೇ ಸ್ಕೇಲ್ ಇಟ್ಟು, ಒಂದು ಮನೆಯನ್ನಲ್ಲ, ಹತ್ತು ಮನೆಗಳನ್ನು ಒಟ್ಟಿಗೆ ಅಳೆಯಿರಿ. ಹಾಗೆಯೇ ಕ್ಯಾಮೆರಾದ ಆಟೋಫೋಕಸ್ ಆರಿಸಿ, ಲೆನ್ಸ್ ಉಂಗುರಕ್ಕೆ ಒಂದು ಹನಿ ಅಂಟು ಹಾಕಿಬಿಡಿ. ಫೋಕಸ್ ಕದಲಿದರೆ ಮಾಡಿದ್ದೆಲ್ಲ ನೀರುಪಾಲು.

ಇನ್ನು ಹಲಗೆ. ಬಾಗಬಾರದೆಂದು ಅಂಗಡಿಗಳ ಬೋರ್ಡಿಗೆ ಬಳಸುವ ಅಲ್ಯೂಮಿನಿಯಂ ಹಾಳೆಯ ಮೇಲೆ ಚೌಕಳಿ ಅಂಟಿಸಿದ್ದೆವು. ಕ್ಯಾಮೆರಾಗೆ ಅದು ಅತ್ಯುತ್ತಮ. ರಾಡಾರ್‌ಗೆ ಮಾತ್ರ ಅದೊಂದು ಗೋಡೆಗನ್ನಡಿ: ಅಲೆಯನ್ನು ಎತ್ತಲೋ ತಿರುಗಿಸಿ ಎಸೆಯುತ್ತದೆ. ಎರಡೂ ಒಂದೇ ಗುರುತನ್ನು ನೋಡಬೇಕಾದರೆ, ಕ್ಯಾಮೆರಾ ಕಣ್ಣಿಗೆ ಕಾಣುವ ಆದರೆ ರಾಡಾರ್ ಪಾಲಿಗೆ ಇಲ್ಲವೇ ಇಲ್ಲವೆನ್ನುವಂಥ ಹಲಗೆ ಬೇಕು. ಅದರ ಬೆನ್ನಿಗೆ ರಾಡಾರ್‌ಗೆ ಎದ್ದು ಕಾಣುವ ಲೋಹದ ಮೂಲೆ ಬೇಕು. ಅಂಥ ಹಲಗೆಯೆಂದರೆ ಥರ್ಮಾಕೋಲ್. ಬಹುಪಾಲು ಗಾಳಿಯೇ ಆದ್ದರಿಂದ ರಾಡಾರ್ ಅಲೆ ಅದರೊಳಗೆ ತಡೆಯಿಲ್ಲದೆ ಹಾಯುತ್ತದೆ. ದುರ್ಗದಬೈಲಿನ ಕಡೆ ಗಣಪತಿ ಮಂಟಪದ ಅಲಂಕಾರದ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ಇಂಚು ದಪ್ಪದ ಹಾಳೆ ಸಿಕ್ಕಿತು. "ಇನ್ನೂ ಏಪ್ರಿಲ್, ಈಗಲೇ ಗಣಪತಿ ತಯಾರಿಯೇ?" ಎಂದು ಅಂಗಡಿಯವರು ನಕ್ಕರು. ಮೊದಲ ಹಾಳೆಯನ್ನು ನಾನೇ ಕೈಯಾರೆ ಕೆಡಿಸಿದೆ. ಚಪ್ಪಲಿಗೆ ಹಚ್ಚುವ ರಬ್ಬರ್ ಸಲ್ಯೂಷನ್ ಬಳಿದೆ. ಥರ್ಮಾಕೋಲ್ ಬೆಲ್ಲದಂತೆ ಕರಗಿ ಗುಂಡಿ ಬಿತ್ತು. ನೀರಿನಲ್ಲಿ ಕಲಸಿದ ಬಿಳಿ ಫೆವಿಕಾಲ್ ಮಾತ್ರ ಬಳಸಿ, ರಾತ್ರಿಯಿಡೀ ಭಾರ ಹೇರಿ ಒಣಗಿಸಿ.

ತಗಡಿನ ಮೂಲೆಯ ಕಥೆ ಇನ್ನೂ ಉದ್ದ. ಒಂದಕ್ಕೊಂದು ಲಂಬವಾಗಿ ಮೂರು ತ್ರಿಕೋನ ತಗಡುಗಳನ್ನು ಕೂಡಿಸಿದರೆ, ಅದರೊಳಗೆ ಹೊಕ್ಕ ಅಲೆ ಮೂರು ಕಡೆ ಪುಟಿದು ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಲಂಬವಾಗಿ ಕೂಡುವ ಅಂಚು, ಅಂದರೆ ಕಾಲು, 15 ಸೆಂ.ಮೀ. ಇರುವ ಇಂಥ ಮೂಲೆ ನಮ್ಮ ರಾಡಾರ್‌ಗೆ ಸುಮಾರು 139 ಚದರ ಮೀಟರ್ ವಸ್ತುವಿನಂತೆ ಕಾಣುತ್ತದೆ. ನಿಂತ ಮನುಷ್ಯ ಕಾಣುವುದು ಒಂದು ಚದರ ಮೀಟರಿನ ಆಸುಪಾಸು. ಈ ಬಲ ಕಾಲಿನ ಉದ್ದದ ನಾಲ್ಕನೆಯ ಘಾತದಲ್ಲಿ ಏರುತ್ತದೆ. ಅದನ್ನೇ 10 ಸೆಂ.ಮೀ.ಗೆ ಇಳಿಸಿದರೆ ಉಳಿಯುವುದು 27 ಮಾತ್ರ. ಆದರೆ ಅಲೆಯ ಉದ್ದ 4 ಮಿ.ಮೀ.ಗೂ ಕಡಿಮೆಯಾದ್ದರಿಂದ ಮೂಲೆ 90 ಡಿಗ್ರಿಯಿಂದ ಒಂದೆರಡು ಡಿಗ್ರಿ ತಪ್ಪಿದರೂ ಕೆಲಸ ಕೆಡುತ್ತದೆ. ನಾವು ಮೊದಲು ವೆಲ್ಡಿಂಗ್ ಮಾಡಿಸಿದೆವು. ಕಾವಿಗೆ ತಗಡು ಸೊಟ್ಟಗಾಗಿ ಒಂದು ಮೂಲೆ 88 ಡಿಗ್ರಿಗೆ ನಿಂತಿತು. 5 ಮೀಟರ್ ದೂರದಲ್ಲಿಟ್ಟು ನೋಡಿದರೆ ಆಮೇಲೆ ಮಾಡಿಸಿದ ಮೂಲೆಗಿಂತ ಸಂಕೇತ 9 ಡೆಸಿಬೆಲ್ ಕಡಿಮೆ, ಅಂದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು.

ಸರಿಯಾದ ಮೂಲೆ ಮಾಡಿಕೊಟ್ಟದ್ದು ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ಅಂಗಡಿಯ ಕಾಕಾ. ವೆಲ್ಡಿಂಗ್ ಮಾತೇ ಬೇಡ ಎಂದರು. 2 ಮಿ.ಮೀ. ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ಮೂಲೆಮಟ್ಟ ಹಿಡಿದು, ರಿವೆಟ್ ಹೊಡೆದು ಕೂಡಿಸಿದರು. 350 ರೂಪಾಯಿ. ರಾಡಾರ್ ಅಂದರೆ ಏನು, ಇದು ಯಾಕೆ ಎಂದು ಒಂದೂ ಕೇಳಲಿಲ್ಲ. ಎರಡನೆಯ ಸಲ ಹೋದಾಗ ಮಾತ್ರ, "ತಂಗಿ, ಇದು ಮೀನಿನ ಬಲೆಯೋ ಹಕ್ಕಿಯ ಬಲೆಯೋ?" ಎಂದರು.

ಮೇ ತಿಂಗಳಲ್ಲಿ ನಮ್ಮ ಮಹಡಿಯ ಮೇಲೆಯೇ ಪ್ರಯೋಗ ಶುರು ಮಾಡಿದೆವು. ಅದು ಶುದ್ಧ ಮೂರ್ಖತನ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್, ಡಿಶ್ ಆಂಟೆನಾ, ಕಬ್ಬಿಣದ ಏಣಿ, ಪಕ್ಕದ ಮನೆಯ ಅಜ್ಜಿ ಹಪ್ಪಳ ಒಣಗಿಸಲು ತಂದಿಡುತ್ತಿದ್ದ ಸ್ಟೀಲ್ ಪರಾತಗಳು ಎಲ್ಲವೂ ಒಂದೊಂದು ಚುಕ್ಕೆ. ಗಿಲಾವಿನ ನೆಲದಿಂದ ಪುಟಿದು ಬಂದ ಅಲೆ ಇಲ್ಲದ ಕಡೆ ಇನ್ನೊಂದು ಮೂಲೆಯನ್ನು ತೋರಿಸುತ್ತಿತ್ತು. ಅಲ್ಲಿ ಪಡೆದ ಲಾಭವೆಂದರೆ ಎರಡು. ಒಂದು, ರಾಡಾರ್‌ನ ನೇರ ಎದುರಿಗೆ ಲೇಸರ್ ಟೇಪಿನಿಂದ ಅಳೆದ 5 ಮೀಟರ್‌ನಲ್ಲಿ ಮೂಲೆ ಇಟ್ಟು ಅದರ ದೂರದ ತಪ್ಪನ್ನು ಕಂಡುಕೊಂಡೆವು. ನಮ್ಮ ಬೋರ್ಡ್ 7 ಸೆಂ.ಮೀ. ಹೆಚ್ಚು ಹೇಳುತ್ತಿತ್ತು. ಇನ್ನೊಂದು, ಮೇಲೆ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳವೇ ಅಲೆಯನ್ನು ತಡೆಯುತ್ತಿದೆ ಎಂದು ಗೊತ್ತಾಯಿತು. ಗಟ್ಟಿಯಾಗಿರಲಿ ಎಂದು 3ಡಿ ಪ್ರಿಂಟರ್‌ನಲ್ಲಿ 3 ಮಿ.ಮೀ. ದಪ್ಪಕ್ಕೆ ಮುದ್ರಿಸಿದ್ದೆವು. ನಾವು ಬಳಸಿದ ಪಿಎಲ್‌ಎ ಪ್ಲಾಸ್ಟಿಕ್‌ನೊಳಗೆ ಅರ್ಧ ಅಲೆಯ ಉದ್ದ ಸುಮಾರು 1.2 ಮಿ.ಮೀ.; ಮುಚ್ಚಳದ ದಪ್ಪ 1.2 ಅಥವಾ 2.4 ಇದ್ದರೆ ಅಲೆ ಸಲೀಸಾಗಿ ದಾಟುತ್ತದೆ. 1.8 ಮತ್ತು 3.0 ಅತ್ಯಂತ ಕೆಟ್ಟವು. ನಾವು ಹುಡುಕಿ ಹುಡುಕಿ ಅತ್ಯಂತ ಕೆಟ್ಟದ್ದನ್ನೇ ಆರಿಸಿಕೊಂಡಿದ್ದೆವು.

ಮಹಡಿಯಿಂದ ಹಾರಿಸುವ ಮಾತಂತೂ ಇಲ್ಲ. ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. 2021ರ ಡ್ರೋನ್ ನಿಯಮಗಳಂತೆ ವಿಮಾನ ನಿಲ್ದಾಣದ ಗಡಿಯಿಂದ 5ರಿಂದ 8 ಕಿ.ಮೀ. ಹಳದಿ ವಲಯ (ಹಾರಿಸಲು ಅನುಮತಿ ಬೇಕು), 8ರಿಂದ 12 ಕಿ.ಮೀ.ವರೆಗೆ 200 ಅಡಿ ಎತ್ತರದ ತನಕ ಹಸಿರು (ಅನುಮತಿ ಬೇಡ). ಅದರಾಚೆ, ಬೇರೆ ನಿರ್ಬಂಧವಿಲ್ಲದ ಕಡೆ, 400 ಅಡಿ. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಸಂಶೋಧನೆಯ ಹಾರಾಟಕ್ಕೆ ನೋಂದಣಿ ಸಂಖ್ಯೆ, ಪೈಲಟ್ ಪ್ರಮಾಣಪತ್ರಗಳಿಂದ ವಿನಾಯಿತಿ ಇದೆ. ಆದರೆ ಹಾರಾಟ ಹಸಿರು ವಲಯದಲ್ಲಿ, ಸ್ವಂತ ಆವರಣದೊಳಗೆ ಇಲ್ಲವೇ ನಮ್ಮ ಸುಪರ್ದಿಯಲ್ಲಿರುವ ಬಯಲಿನಲ್ಲಿ ನಡೆಯಬೇಕು. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ ಜಾಗ ಖಚಿತ ಮಾಡಿಕೊಂಡು, ದೊಡ್ಡಪ್ಪನಿಂದ 100 ರೂಪಾಯಿಯ ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡೆವು. "ಮನೆ ಮಗಳಿಗೆ ಕಣ ಬಿಟ್ಟುಕೊಡಲು ಬಾಂಡ್ ಬೇಕೇ?" ಎಂದು ಅವರಿಗೆ ಬೇಸರವಾಯಿತು. ಆ ಕಾಗದ ಮುಂದೆ ಎರಡು ಸಲ ನಮ್ಮನ್ನು ಕಾಯಿತು.

ಅಷ್ಟರಲ್ಲಿ ಗದಗಿನ ಮದುವೆ ಬಂತು. ಮೇ ತಿಂಗಳ ನಡುಹಗಲು, ಕಲ್ಯಾಣ ಮಂಟಪದ ಹೊರಗೆ ಕಾರು ನಿಲ್ಲಿಸಿ ಊಟ ಮುಗಿಸಿ ಬರುವಷ್ಟರಲ್ಲಿ ಮೂರು ಗಂಟೆ. ಹಿಂದಿನ ಸೀಟಿನಲ್ಲಿ ಡ್ರೋನ್ ಇತ್ತು. ಮರುದಿನ ನೋಡಿದರೆ ಹಿಂದಿನ ವಾರ ಸರಿಯಿದ್ದ ಚುಕ್ಕೆಗಳೆಲ್ಲ 47 ಪಿಕ್ಸೆಲ್ ಕೆಳಗೆ ಇಳಿದಿವೆ. ಎರಡು ದಿನ ಪ್ರೋಗ್ರಾಂ ಕೆದಕಿದೆವು. ಯಾರು ಏನು ಬದಲಿಸಿದರು ಎಂದು ಒಬ್ಬರ ಮೇಲೊಬ್ಬರು ಹಾರಿಹಾಯ್ದೆವು. ನಮ್ಮ ಗೆಳೆಯ ಸುಮ್ಮನೆ ರಸಮಟ್ಟ ತಂದು ರಾಡಾರ್ ಮೇಲೆ ಇಟ್ಟಾಗ ನಿಜ ಹೊರಬಿತ್ತು: ಪಿಎಲ್‌ಎಯಲ್ಲಿ ಮುದ್ರಿಸಿದ ಹಿಡಿಕೆ ಬಿಸಿಲಿಗೆ ಮೆತ್ತಗಾಗಿ 3 ಡಿಗ್ರಿ ಬಾಗಿತ್ತು. ಆ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆದುವಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಅಷ್ಟು ಕಾವು ದೊಡ್ಡದೇನಲ್ಲ. ನಮ್ಮ ಕ್ಯಾಮೆರಾದಲ್ಲಿ 1 ಡಿಗ್ರಿ ಎಂದರೆ ಸುಮಾರು 16 ಪಿಕ್ಸೆಲ್, ಲೆಕ್ಕ ತಾಳೆಯಾಯಿತು. ಮದುವೆಯ ಮಂಡಿಗೆ ರುಚಿಯಾಗಿತ್ತು ಎಂಬುದಷ್ಟೇ ಸಮಾಧಾನ.

ಮತ್ತೆ ಕಾಕಾ ಬಳಿಗೆ. ಎಷ್ಟು ನಿಖರ ಬೇಕು ಎಂದು ಕೇಳಿದರು. ಡಿಗ್ರಿಯ ಹತ್ತನೇ ಒಂದು ಭಾಗ ಎಂದೆ, ದೊಡ್ಡ ಬೇಡಿಕೆ ಇಟ್ಟವಳಂತೆ. ಅವರು ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಲೆಕ್ಕ ಹಾಕಿದರು: 100 ಮಿ.ಮೀ. ಉದ್ದಕ್ಕೆ ಅದು 0.17 ಮಿ.ಮೀ., ಸುಮಾರು ಏಳು ಥೌ. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. "ಏಳು ಥೌ ಬಿಟ್ಟರೆ ನನ್ನ ಅಂಗಡಿಗೆ ಯಾರು ಬರುತ್ತಾರೆ, ತಂಗಿ? ಎರಡಕ್ಕೆ ಮಾಡಿಕೊಡುತ್ತೇನೆ" ಎಂದರು. ಅಲ್ಯೂಮಿನಿಯಂ ಗಟ್ಟಿಯಿಂದ ಒಂದೇ ಪಟ್ಟಿ ಕಡೆದು, ಬಿಚ್ಚಿ ಮತ್ತೆ ಕೂರಿಸಿದರೂ ಅದೇ ಜಾಗಕ್ಕೆ ಬರುವಂತೆ ಎರಡು ಡೊವೆಲ್ ಪಿನ್ ಕೊಟ್ಟರು. 1,800 ರೂಪಾಯಿ. ನಾವು ಮಾಡಿದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ. ಅಲ್ಲಿಯವರೆಗೆ ಕ್ಯಾಮೆರಾ ರಬ್ಬರ್ ಗುಂಡುಗಳ ಮೇಲೆ, ರಾಡಾರ್ ನೇರವಾಗಿ ಚೌಕಟ್ಟಿನ ಮೇಲೆ ಇತ್ತು. ಹಾರುವಾಗ ಕ್ಯಾಮೆರಾ ತೂಗಾಡಿದರೆ ಇಬ್ಬರ ನಡುವಿನ ಕೋನವೇ ಬದಲಾಗುತ್ತದೆ. ಬದಲಾಗುವುದನ್ನು ಕ್ಯಾಲಿಬ್ರೇಟ್ ಮಾಡುವುದು ಹೇಗೆ? ಈಗ ಎರಡೂ ಒಂದೇ ಪಟ್ಟಿಗೆ ಬಿಗಿಯಾಗಿ, ಇಡೀ ಪಟ್ಟಿ ರಬ್ಬರ್ ಮೇಲೆ. ಪಟ್ಟಿ ಮುಂದಕ್ಕೆ ಚಾಚಿದ್ದರಿಂದ ಇಂಗಾಲದ ನಾರಿನ ಕಾಲುಗಳು ರಾಡಾರ್ ಎದುರಿಗೆ ಬರುವುದೂ ತಪ್ಪಿತು.

ಜೂನ್‌ನಲ್ಲಿ ಅಣ್ಣಿಗೇರಿಗೆ ಹೋಗಿ ಬರುವ ಕಾಲ. ಹುಬ್ಬಳ್ಳಿಯಿಂದ ಗದಗ ರಸ್ತೆಯಲ್ಲಿ 35 ಕಿ.ಮೀ. ಹೋಗಬೇಕು, ಅಷ್ಟೇ ಹಿಂದಿರುಗಬೇಕು. ಒಟ್ಟು 19 ಸಲ ಹೋದೆವು. ಪೆಟ್ರೋಲಿನ ಲೆಕ್ಕ ಕ್ಯಾಮೆರಾದ ಬೆಲೆಯಾದ 11,000 ದಾಟಿತು. ಮುಂಗಾರಿನ ಗಾಳಿಗೆ ಥರ್ಮಾಕೋಲ್ ಹಲಗೆ ಕಾರಹುಣ್ಣಿಮೆಯ ಗಾಳಿಪಟದಂತೆ ಎದ್ದು ಪಕ್ಕದವರ ಹೆಸರುಕಾಳಿನ ಹೊಲದಲ್ಲಿ ಬಿತ್ತು. ಬಿದಿರಿನ ಗಳಕ್ಕೆ ಕಟ್ಟಿ ಬುಡದಲ್ಲಿ ಮರಳಿನ ಚೀಲ ಇಟ್ಟ ಮೇಲೆ ನಿಂತಿತು. ಎರೆ ಭೂಮಿಯ ಗುಣ ಗೊತ್ತಿದ್ದೂ ಮೋಸ ಹೋದೆ: ಟ್ರೈಪಾಡ್ ಕಾಲು ಬೆಳಗ್ಗೆ ಇಟ್ಟಲ್ಲಿ ಮಧ್ಯಾಹ್ನ ಇರುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಮೂರು ಕಾಲಿಗೂ ಒಂದೊಂದು ಹಂಚು ಕೊಡಿ. ಮಳೆ ಬಿದ್ದರೆ ಮೂರು ದಿನ ಹೊಲಕ್ಕೆ ಕಾಲಿಡುವಂತಿಲ್ಲ.

ಊರಿನವರಿಗೆ ನಾವು ಹೆದ್ದಾರಿಗೋ ಕಾಲುವೆಗೋ ಭೂಮಿ ಅಳೆಯಲು ಬಂದವರು. ಸ್ವಾಮಿತ್ವ ಯೋಜನೆಯಿಂದಾಗಿ ಡ್ರೋನ್ ಎಂದರೆ ಸರ್ವೆ ಎಂಬುದು ಎಲ್ಲರಿಗೂ ಗೊತ್ತು. ಎರಡನೆಯ ದಿನವೇ ಹತ್ತು ಹನ್ನೆರಡು ಜನ ಬದುವಿನ ಮೇಲೆ ಬಂದು ನಿಂತರು. ಒಬ್ಬರು ಪಹಣಿಯನ್ನೇ ತಂದು, ತಮ್ಮನ ಜೊತೆಗಿರುವ ಹದ್ದಿನ ತಕರಾರು ಬಗೆಹರಿಸಿಕೊಡಿ ಎಂದರು. ಇನ್ನೊಂದು ದಿನ ಬೀಟ್ ಪೊಲೀಸರು ಬಂದರು. ಬಾಂಡ್ ಕಾಗದ, ಸ್ಟಾರ್ಟ್‌ಅಪ್ ಪ್ರಮಾಣಪತ್ರ, ನಿಯಮದ ಮುದ್ರಿತ ಪ್ರತಿ ತೋರಿಸಿದೆವು. ಓದಿ, ಫೋಟೊ ತೆಗೆದುಕೊಂಡು, ಚಹಾ ಕುಡಿದು ಹೋದರು. ಠಾಣೆಗೆ ನಾವೇ ಮೊದಲು ಹೋಗಿ ತಿಳಿಸಿದ್ದರೆ ಆ ದಿನದ ಎದೆಬಡಿತ ಉಳಿಯುತ್ತಿತ್ತು. ಊರಿನವರಿಗೂ ಮೊದಲ ದಿನವೇ ಪರದೆ ತೋರಿಸಿಬಿಡಿ. ತಮ್ಮ ಎಮ್ಮೆ ರಾಡಾರ್‌ನಲ್ಲಿ ಎಷ್ಟು ದೊಡ್ಡ ಚುಕ್ಕೆಯಾಗಿ ಕಾಣುತ್ತದೆ ಎಂದು ನೋಡಿದ ಮೇಲೆ ಅನುಮಾನ ತಾನಾಗಿ ಕರಗಿತು.

ಹಲಗೆಯನ್ನು 4 ಮೀಟರ್‌ನಿಂದ 20 ಮೀಟರ್‌ವರೆಗೆ, ಎಡ, ಬಲ, ನೆಲದ ಹತ್ತಿರ, ಗಳದ ತುದಿಯಲ್ಲಿ ಹೀಗೆ 40 ಕಡೆ ಇಟ್ಟು ಅಳತೆ ತೆಗೆದೆವು. ಎತ್ತರ ಬದಲಿಸುವುದನ್ನು ಮರೆಯಬೇಡಿ. ಇಂಥ ಸಣ್ಣ ರಾಡಾರ್‌ಗೆ ಅಡ್ಡ ಕೋನ ಗೊತ್ತಾದಷ್ಟು ಏರು ಕೋನ ತಿಳಿಯುವುದಿಲ್ಲ. ಎಲ್ಲ ಅಳತೆಯೂ ಒಂದೇ ಎತ್ತರದಲ್ಲಿದ್ದರೆ ಲೆಕ್ಕಕ್ಕೆ ಹಿಡಿತವೇ ಸಿಗದು. ಸರಿತದ ಮೂರು ಸಂಖ್ಯೆಗಳನ್ನು ಲೆಕ್ಕದಿಂದ ತೆಗೆಯುವ ಹಟ ಬಿಟ್ಟು ವರ್ನಿಯರ್‌ನಿಂದ ಅಳೆದು ಇಟ್ಟುಬಿಟ್ಟೆವು. 20 ಮೀಟರ್ ದೂರದಲ್ಲಿ 1 ಸೆಂ.ಮೀ. ಸರಿತ ಲೆಕ್ಕಕ್ಕೇ ಇಲ್ಲ, 1 ಡಿಗ್ರಿ ಓರೆ ಮಾತ್ರ 35 ಸೆಂ.ಮೀ. ತಪ್ಪಿಸುತ್ತದೆ.

ಇಷ್ಟು ಮಾಡಿ ಲೆಕ್ಕ ಓಡಿಸಿದರೆ ಚುಕ್ಕೆಗಳೆಲ್ಲ ದಿಕ್ಕಾಪಾಲು. ಒಂದು ವಾರ ನಿದ್ದೆಯಿಲ್ಲ. ಕೊನೆಗೆ ನಮ್ಮ ಜೊತೆಗಾರ್ತಿ ಸಿಟ್ಟಿನಿಂದ ತಗಡಿನ ಮೂಲೆಯನ್ನು ಎದೆಗವಚಿಕೊಂಡು ಡ್ರೋನ್ ಎದುರು ಎಡಕ್ಕೆ ನಡೆದಳು. ಪರದೆಯ ಚುಕ್ಕೆ ಬಲಕ್ಕೆ ನಡೆಯಿತು. ರಾಡಾರ್ ತನ್ನ ಮುಂದಿನ ದಿಕ್ಕನ್ನು ವೈ ಅಕ್ಷ ಎನ್ನುತ್ತದೆ, ಕ್ಯಾಮೆರಾ ಝಡ್ ಎನ್ನುತ್ತದೆ, ಕ್ಯಾಮೆರಾಗೆ ವೈ ಎಂದರೆ ಕೆಳಗೆ. ಅದಲುಬದಲು ಮಾಡುವಾಗ ನಾನು ಒಂದು ಋಣ ಚಿಹ್ನೆ ಹೆಚ್ಚು ಹಾಕಿದ್ದೆ. ಲೆಕ್ಕಕ್ಕೆ ಕೂರುವ ಮೊದಲು ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು. ಚಿಹ್ನೆ ತಿದ್ದಿದ ಮೇಲೆ ಸರಾಸರಿ ತಪ್ಪು 8 ಪಿಕ್ಸೆಲ್‌ಗೆ ಇಳಿಯಿತು, ಅಂದರೆ ಅರ್ಧ ಡಿಗ್ರಿ. ನಮ್ಮ ರಾಡಾರ್‌ನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಅತಿಯಾಸೆ. ಯಾರಾದರೂ ಇಂಥ ಬೋರ್ಡಿನಲ್ಲಿ 1 ಪಿಕ್ಸೆಲ್ ಬಂತೆಂದರೆ ನಾನಂತೂ ನಂಬುವುದಿಲ್ಲ.

ಹಬ್ಬ ಮಾಡಿದೆವು, ಸಾವಜಿ ಊಟವಾಯಿತು. ಮರುದಿನ ಹಾರಿಸಿದಾಗ ಮುಖ ಸಪ್ಪಗಾಯಿತು. ಡ್ರೋನ್ ನಿಂತಲ್ಲೇ ನಿಂತರೆ ಚುಕ್ಕೆ ಕಂಬದ ಮೇಲೆ. ತಿರುಗಿದರೆ ಚುಕ್ಕೆ ಹಿಂದೆ ಉಳಿದು, ಹಟ ಹಿಡಿದ ಕರುವಿನಂತೆ ಆಮೇಲೆ ಓಡಿ ಬಂದು ಸೇರುತ್ತಿತ್ತು. ಇದು ಜಾಗದ ತಪ್ಪಲ್ಲ, ಹೊತ್ತಿನ ತಪ್ಪು. ಕ್ಯಾಮೆರಾ ಚಿತ್ರಕ್ಕೂ ರಾಡಾರ್ ಅಳತೆಗೂ ನಾವು ಹಾಕುತ್ತಿದ್ದದ್ದು ಅವು ಕಂಪ್ಯೂಟರಿಗೆ ಬಂದು ತಲುಪಿದ ಸಮಯ, ಕಂಡ ಸಮಯವಲ್ಲ. ಇಬ್ಬರೂ ತಡ, ಆದರೆ ಒಂದೇ ತಡವಲ್ಲ. ಎಷ್ಟು ವ್ಯತ್ಯಾಸ ಎಂದು ಅಳೆಯುವುದು ಹೇಗೆ?

ಅಷ್ಟರಲ್ಲಿ ಶ್ರಾವಣ ಹಿಡಿದಿತ್ತು. ನಾಗರ ಪಂಚಮಿಗೆಂದು ದೊಡ್ಡಪ್ಪನ ಮನೆಯ ಹಿಂದಿನ ಹುಣಸೆ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅಳ್ಳಿಟ್ಟು, ಶೇಂಗಾ ಉಂಡೆ ತಿನ್ನುತ್ತಾ ಕಟ್ಟೆಯ ಮೇಲೆ ಕುಳಿತು ಮಕ್ಕಳು ಜೀಕುವುದನ್ನು ನೋಡುತ್ತಿದ್ದೆ. ಮೇಲಿನ ತುದಿಗೆ ಹೋದಾಗ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಆ ನಿಲ್ಲುವ ಗಳಿಗೆ! ರಾಡಾರ್‌ಗೆ ಅಲ್ಲಿ ವೇಗ ಸೊನ್ನೆ. ಕ್ಯಾಮೆರಾಗೆ ಅಲ್ಲಿ ಹಲಗೆ ಚಿತ್ರದ ತುತ್ತತುದಿ. ಎರಡೂ ಒಂದೇ ಗಳಿಗೆಯನ್ನು ಬೇರೆ ಬೇರೆ ಭಾಷೆಯಲ್ಲಿ ಹೇಳುತ್ತವೆ.

ಹಬ್ಬದ ಮರುದಿನ ಮಕ್ಕಳಿಂದ ಜೋಕಾಲಿ ಕಡ ಪಡೆದೆವು. ಗಂಟೆಗೆ ಒಂದು ಚಾಕಲೇಟ್ ಪೊಟ್ಟಣ ಬಾಡಿಗೆ. ಹಲಗೆಯ ಮೇಲೆ ನಾಲ್ಕು ಮೊಳೆ ಹೊಡೆದು ತಗಡಿನ ಮೂಲೆ, ಅದರ ಮುಂದೆ ಥರ್ಮಾಕೋಲ್ ಕೂರಿಸಿದೆವು. ಡ್ರೋನ್ ಅನ್ನು 6 ಮೀಟರ್ ಆಚೆ ಸ್ಟ್ಯಾಂಡ್ ಮೇಲೆ, ಜೀಕುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸಿದೆವು. ನೇರ ಎದುರಿಗಿಟ್ಟರೆ ಕ್ಯಾಮೆರಾಗೆ ಚಲನೆ ಕಾಣುವುದಿಲ್ಲ, ಪೂರ್ತಿ ಪಕ್ಕಕ್ಕಿಟ್ಟರೆ ರಾಡಾರ್‌ಗೆ ವೇಗ ಸಿಗುವುದಿಲ್ಲ. ಹಗ್ಗದ ಜೋಕಾಲಿಯೇ ಆಗಬೇಕು. ಕಬ್ಬಿಣದ ಸರಪಳಿಯಾದರೆ ಅದೇ ದೊಡ್ಡ ಚುಕ್ಕೆ. ಎರಡೂವರೆ ಮೀಟರ್ ಹಗ್ಗಕ್ಕೆ ಒಂದು ಜೀಕು ಮೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಹತ್ತು ನಿಮಿಷ ಜೀಕಿಸಿದರೆ ಸುಮಾರು 190 ಜೀಕು, ಪ್ರತಿ ಜೀಕಿಗೆ ಎರಡು ತುದಿ. ರಾಡಾರ್ ಹೇಳಿದ ವೇಗದ ಗೆರೆ, ಕ್ಯಾಮೆರಾ ಕಂಡ ಜಾಗದ ಗೆರೆ ಇವೆರಡನ್ನೂ ಒಂದರ ಮೇಲೊಂದು ಇಟ್ಟು, ಚಿತ್ರದ ತುದಿಯೂ ವೇಗದ ಸೊನ್ನೆಯೂ ಕೂಡುವವರೆಗೆ ಸರಿಸಿದೆವು. 80 ಮಿಲಿಸೆಕೆಂಡಿನಲ್ಲಿ ಕೂಡಿದವು.

ಕೇಳಲು ಏನೂ ಅಲ್ಲ. ಆದರೆ ಡ್ರೋನ್ ಸೆಕೆಂಡಿಗೆ 60 ಡಿಗ್ರಿ ತಿರುಗಿದರೆ 80 ಮಿಲಿಸೆಕೆಂಡಿನಲ್ಲಿ 4.8 ಡಿಗ್ರಿ, ಅಂದರೆ 75 ಪಿಕ್ಸೆಲ್. 20 ಮೀಟರ್ ದೂರದ ಕಂಬ ಒಂದೂವರೆ ಮೀಟರಿಗೂ ಹೆಚ್ಚು ಪಕ್ಕಕ್ಕೆ. ಅರ್ಧ ಡಿಗ್ರಿಗಾಗಿ ಎರಡು ತಿಂಗಳು ಗುದ್ದಾಡಿದ ನಾವು ಸುಮಾರು ಐದು ಡಿಗ್ರಿಯನ್ನು ನೋಡಿಯೇ ಇರಲಿಲ್ಲ. ಮೊದಲು ಪ್ರೋಗ್ರಾಂನಲ್ಲಿ 80 ಮಿಲಿಸೆಕೆಂಡ್ ಕಳೆದು ನೋಡಿದೆವು, ಮುಕ್ಕಾಲು ಪಾಲು ಸರಿಹೋಯಿತು. ಕಂಪ್ಯೂಟರ್‌ಗೆ ಕೆಲಸ ಹೆಚ್ಚಾದಾಗ ತಡವೂ ಹೆಚ್ಚು ಕಡಿಮೆಯಾಗುತ್ತಿತ್ತು. ಆದ್ದರಿಂದ ರಾಡಾರ್ ಪ್ರತಿ ಅಳತೆ ಶುರು ಮಾಡುವಾಗ ಹೊರಡಿಸುವ ಸಂಕೇತದ ತಂತಿಯನ್ನು ಕ್ಯಾಮೆರಾದ ಟ್ರಿಗರ್‌ಗೆ ಜೋಡಿಸಿದೆವು. 40 ರೂಪಾಯಿಯ ತಂತಿ ಮತ್ತು ಒಂದು ಸಂಜೆಯ ಬೆಸುಗೆ. ಕ್ಯಾಮೆರಾ ಕೊಳ್ಳುವಾಗಲೇ ಹೊರಗಿನ ಟ್ರಿಗರ್ ಇರುವ, ಇಡೀ ಚಿತ್ರವನ್ನು ಒಂದೇ ಸಲ ಸೆರೆಹಿಡಿಯುವ ಗ್ಲೋಬಲ್ ಶಟರ್ ಮಾದರಿಯನ್ನೇ ಕೊಳ್ಳಿ; ಸಾಲುಸಾಲಾಗಿ ಸೆರೆಹಿಡಿಯುವ ಅಗ್ಗದ ಕ್ಯಾಮೆರಾದಲ್ಲಿ ತಿರುಗುವಾಗ ಕಂಬವೇ ಬಾಗಿ ಕಾಣುತ್ತದೆ.

ಈಗ ಪ್ರತಿ ಹಾರಾಟದ ದಿನ ಮೊದಲ ಹತ್ತು ನಿಮಿಷ ಮೂಲೆಯನ್ನು 10 ಮೀಟರ್‌ನಲ್ಲಿಟ್ಟು ನೋಡುತ್ತೇವೆ. ಚುಕ್ಕೆ 15 ಪಿಕ್ಸೆಲ್ ಒಳಗಿದ್ದರೆ ಹಾರಾಟ, ಇಲ್ಲದಿದ್ದರೆ ಮೊದಲು ಸ್ಕ್ರೂ, ಆಮೇಲೆ ಪ್ರೋಗ್ರಾಂ. ಕರೆಂಟ್ ತಂತಿಯ ಕೆಲಸ ಇನ್ನೂ ಬಾಕಿ ಇದೆ: ತೆಳ್ಳಗಿನ ತಂತಿ ರಾಡಾರ್‌ಗೆ ಲಂಬವಾಗಿ ಎದುರಾದರೆ ಮಾತ್ರ ಕಾಣುತ್ತದೆ, ಓರೆಯಾದರೆ ಮಾಯ. ಕಂಬ ಕಂಡರೆ ತಂತಿ ಇದ್ದೇ ಇದೆ ಎಂದು ಹಿಡಿದು ನಿಲ್ಲಿಸುತ್ತಿದ್ದೇವೆ.

ಜೋಕಾಲಿಯನ್ನು ಹಿಂದಿರುಗಿಸಿ ಆಯಿತು. ಆದರೆ ಹಲಗೆಯಲ್ಲಿ ನಾವು ಹೊಡೆದ ನಾಲ್ಕು ಮೊಳೆಗಳಲ್ಲಿ ಒಂದು ಉಳಿದುಕೊಂಡು ದೊಡ್ಡಪ್ಪನ ಮೊಮ್ಮಗಳ ಲಂಗ ಹರಿದಿದೆ. ಭಾನುವಾರ ಇಕ್ಕಳ ತೆಗೆದುಕೊಂಡು ಹೋಗಬೇಕು, ಹೊಸ ಲಂಗವನ್ನೂ.